ಕಾಫಿ ಗಿಡದ ತುಕ್ಕು: ಸಿಂಹಳದಿಂದ ಬಾಳೆಹೊನ್ನೂರಿನವರೆಗೆ

ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳ ತೋಟದ ಮನೆಗಳಿಂದ ಶಾಲೆಗೆ ಹೋಗುವ ವಿದ್ಯಾರ್ಥಿಗಳಿಗೆ ಈ ಲೇಖನದ ಮುಖ್ಯ ಪಾತ್ರವನ್ನು ಪರಿಚಯಿಸಬೇಕಾಗಿಲ್ಲ. ಮಳೆಗಾಲ ಕಳೆಯುತ್ತ ಬಂದಾಗ ಅರೇಬಿಕಾ ಕಾಫಿ ಗಿಡದ ಎಲೆಯೊಂದನ್ನು ಮಗುಚಿ ನೋಡಿದರೆ ಕೆಳಮೈಯಲ್ಲಿ ಅಲ್ಲಲ್ಲಿ ದುಂಡನೆಯ ಮಚ್ಚೆಗಳು, ಅವುಗಳ ಮೇಲೆ ಕಿತ್ತಳೆ ಬಣ್ಣದ ನವಿರಾದ ಪುಡಿ ಕಾಣುತ್ತದೆ. ಒರೆಸಿದರೆ ಹಳೆಯ ಕಬ್ಬಿಣದ ತುಕ್ಕಿನಂತೆ ಬೆರಳಿಗೆ ಅಂಟುತ್ತದೆ. ಬೆಳೆಗಾರರು ಇದನ್ನು ಎಲೆ ತುಕ್ಕು ಎಂದೇ ಕರೆಯುತ್ತಾರೆ. ಈ ಪುಡಿ ಒಂದು ದೇಶದ ಆರ್ಥಿಕ ವ್ಯವಸ್ಥೆಯನ್ನು ತಲೆಕೆಳಗು ಮಾಡಿದೆ, ದೊಡ್ಡ ಬ್ಯಾಂಕೊಂದರ ಬಾಗಿಲು ಮುಚ್ಚುವುದಕ್ಕೆ ಕಾರಣಗಳಲ್ಲೊಂದಾಗಿದೆ, ನಮ್ಮ ಮಲೆನಾಡಿನ ಬೆಟ್ಟಗಳಲ್ಲಿ ಯಾವ ತಳಿಯ ಕಾಫಿ ಬೆಳೆಯಬೇಕು ಎಂಬುದನ್ನು ನೂರೈವತ್ತು ವರ್ಷಗಳಿಂದ ನಿರ್ಧರಿಸುತ್ತ ಬಂದಿದೆ. ಇಷ್ಟಾದರೂ ಇತಿಹಾಸದ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಜಾಗ ಸಿಕ್ಕಿಲ್ಲ.

ಈ ಪುಡಿ ಒಂದು ಶಿಲೀಂಧ್ರದ ಬೀಜಾಣುಗಳ ರಾಶಿ. ಬರಿಗಣ್ಣಿಗೆ ಕಾಣದ ಬೀಜಾಣುವೊಂದು ಎಲೆಯ ಕೆಳಮೈಯ ಮೇಲೆ ಬಿದ್ದು, ಅಲ್ಲಿ ನೀರಿನ ಹನಿ ಇದ್ದರೆ ಮೊಳೆಯುತ್ತದೆ. ಎಲೆ ಉಸಿರಾಡುವ ಸಣ್ಣ ರಂಧ್ರಗಳ ಮೂಲಕ ಒಳಕ್ಕೆ ಇಳಿದು, ಜೀವಕೋಶಗಳ ನಡುವೆ ಎಳೆಗಳನ್ನು ಹರಡಿ ಅವುಗಳ ಆಹಾರವನ್ನು ಹೀರುತ್ತದೆ. ಮೂರು ನಾಲ್ಕು ವಾರಗಳ ಮೇಲೆ ಅದೇ ರಂಧ್ರಗಳಿಂದ ಹೊಸ ಬೀಜಾಣುಗಳ ಗೊಂಚಲು ಹೊರಬರುತ್ತದೆ. ಒಂದೊಂದು ಮಚ್ಚೆಯಿಂದ ಹೊರಡುವ ಬೀಜಾಣುಗಳ ಲೆಕ್ಕವನ್ನು ಸಾವಿರಗಳಲ್ಲಿ ಹೇಳಿದರೆ ಸಾಲದು, ಲಕ್ಷಗಳಲ್ಲೇ ಹೇಳಬೇಕು. ಗಿಡ ಕೂಡಲೇ ಸಾಯುವುದಿಲ್ಲ. ಎಲೆ ಉದುರುತ್ತದೆ, ರೆಂಬೆ ಬರಿದಾಗಿ ಒಣಗುತ್ತದೆ, ಮುಂದಿನ ವರ್ಷದ ಫಸಲು ಇಳಿಯುತ್ತದೆ. ಹೀಗೆ ನಿಧಾನವಾಗಿ ಕೊಲ್ಲುವ ಸ್ವಭಾವದಿಂದಲೇ ಈ ರೋಗ ಆರಂಭದಲ್ಲಿ ಜನರನ್ನು ಮೋಸಗೊಳಿಸಿತು.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಸಿಂಹಳ, ಅಂದರೆ ಇಂದಿನ ಶ್ರೀಲಂಕಾ, ಜಗತ್ತಿನ ದೊಡ್ಡ ಕಾಫಿ ನಾಡುಗಳಲ್ಲಿ ಒಂದಾಗಿತ್ತು. 1815ರಲ್ಲಿ ಕ್ಯಾಂಡಿ ರಾಜ್ಯ ಬ್ರಿಟಿಷರ ವಶವಾಯಿತು. ಅಲ್ಲಿಂದ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಬೆಟ್ಟಗಳ ಕಾಡನ್ನು ಸರ್ಕಾರ ಅಗ್ಗದ ಬೆಲೆಗೆ ತೋಟಗಾರರಿಗೆ ಮಾರಿತು. ಕಾಡನ್ನು ಕಡಿದು, ಸುಟ್ಟು, ನೆರಳಿಗೊಂದು ಮರವನ್ನೂ ಉಳಿಸದೆ, ಗುಡ್ಡದಿಂದ ಗುಡ್ಡಕ್ಕೆ ಒಂದೇ ಸಮನೆ ಅರೇಬಿಕಾ ಕಾಫಿ ನೆಟ್ಟರು. ಮದರಾಸು ಪ್ರಾಂತದ ತಮಿಳು ಜಿಲ್ಲೆಗಳಿಂದ ಬಡ ಕೂಲಿಗಳು ಕೊಯ್ಲಿನ ಕಾಲಕ್ಕೆ ಸಮುದ್ರ ದಾಟಿ, ಕಾಡು ಹಾದಿಯಲ್ಲಿ ನಡೆದು ಬರುತ್ತಿದ್ದರು. ದಾರಿಯಲ್ಲೇ ಕಾಲರಾದಿಂದ ಸತ್ತವರು ಅಸಂಖ್ಯ. 1870ರ ಸುಮಾರಿಗೆ ದ್ವೀಪದ ರಫ್ತು ವರ್ಷಕ್ಕೆ ಹತ್ತು ಕೋಟಿ ಪೌಂಡ್, ಅಂದರೆ ಸುಮಾರು 45,000 ಟನ್ ಕಾಫಿ.

1869ರಲ್ಲಿ ಮಡುಲ್‌ಸೀಮಾ ಪ್ರದೇಶದ ತೋಟವೊಂದರಲ್ಲಿ ಕೆಲವು ಗಿಡಗಳ ಎಲೆಯ ಮೇಲೆ ಕಿತ್ತಳೆ ಮಚ್ಚೆ ಕಾಣಿಸಿತು. ಪೆರಾದೆನಿಯ ಸಸ್ಯೋದ್ಯಾನದ ನಿರ್ದೇಶಕ ಜಾರ್ಜ್ ಥ್ವೇಟ್ಸ್ ಆ ಎಲೆಗಳನ್ನು ಇಂಗ್ಲೆಂಡಿನ ಮೈಲ್ಸ್ ಬರ್ಕ್ಲಿ ಅವರಿಗೆ ಕಳುಹಿಸಿದ. ಬರ್ಕ್ಲಿ ವೃತ್ತಿಯಿಂದ ಪಾದ್ರಿ, ಪ್ರವೃತ್ತಿಯಿಂದ ಶಿಲೀಂಧ್ರಗಳ ಮಹಾಪಂಡಿತ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಕೊಳೆತು ಲಕ್ಷಾಂತರ ಜನ ಹಸಿವಿನಿಂದ ಸತ್ತ ಕಾಲದಲ್ಲಿ, ಆ ಕೊಳೆತಕ್ಕೆ ಎಲೆಯ ಮೇಲಿನ ಬೂಷ್ಟೇ ಕಾರಣ ಎಂದು ಧೈರ್ಯವಾಗಿ ವಾದಿಸಿದವರಲ್ಲಿ ಆತನೂ ಒಬ್ಬ. ಆಗ ಬಹಳ ಜನ ನಕ್ಕಿದ್ದರು. ಬೂಷ್ಟು ರೋಗದ ಫಲವೇ ಹೊರತು ರೋಗದ ಕಾರಣವಲ್ಲ ಎಂಬುದು ಅಂದಿನ ಸಾಮಾನ್ಯ ತಿಳಿವಳಿಕೆ. ಸಿಂಹಳದ ಎಲೆಗಳನ್ನು ಬರ್ಕ್ಲಿ ತನ್ನ ಮಿತ್ರ ಬ್ರೂಮ್ ಜೊತೆಗೆ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ. ಬೀಜಾಣುಗಳ ಒಂದು ಮಗ್ಗುಲು ನುಣುಪು, ಇನ್ನೊಂದು ಮಗ್ಗುಲು ಮುಳ್ಳು. ಇಂಥದ್ದನ್ನು ಅವರು ಹಿಂದೆ ಕಂಡಿರಲಿಲ್ಲ. ಅರ್ಧ ನುಣುಪು ಎಂಬ ಅರ್ಥದಲ್ಲಿ ಹೆಮಿಲಿಯ, ಹಾಳುಗೆಡಹುವಂಥದ್ದು ಎಂಬ ಅರ್ಥದಲ್ಲಿ ವಾಸ್ಟಾಟ್ರಿಕ್ಸ್ ಎಂದು ಹೆಸರಿಟ್ಟು ಅದೇ ವರ್ಷ ಪ್ರಕಟಿಸಿದರು. ರೋಗ ಇನ್ನೂ ಕೆಲವೇ ತೋಟಗಳಲ್ಲಿದ್ದಾಗ ಇಟ್ಟ ಹೆಸರು ಇದು. ಮುಂದಿನ ಇಪ್ಪತ್ತು ವರ್ಷ ಆ ಹೆಸರನ್ನು ನಿಜಮಾಡಿ ತೋರಿಸಿದವು.

ತೋಟಗಾರರು ಮಾತ್ರ ಬೆದರಲಿಲ್ಲ. ಐದು ವರ್ಷದೊಳಗೆ ತುಕ್ಕು ದ್ವೀಪದ ಎಲ್ಲ ಕಾಫಿ ಜಿಲ್ಲೆಗಳಿಗೂ ವ್ಯಾಪಿಸಿತ್ತು. ಆದರೂ ಹವೆ ಸರಿಯಿಲ್ಲ, ಮಣ್ಣಿನ ಸತ್ವ ಕಡಿಮೆಯಾಗಿದೆ, ಗೊಬ್ಬರ ಸಾಲದು ಎಂದೇ ಅವರು ಮಾತಾಡಿಕೊಂಡರು. ಇದಕ್ಕೆ ಒಂದು ಕಾರಣ ಪೇಟೆಯಲ್ಲಿತ್ತು. 1870ರ ದಶಕದಲ್ಲಿ ಕಾಫಿಯ ಬೆಲೆ ಏರುತ್ತ ಹೋಯಿತು. ಎಕರೆಯ ಇಳುವರಿ ಅರ್ಧಕ್ಕೆ ಇಳಿದರೂ ಕೈಗೆ ಬರುವ ಹಣ ಅಷ್ಟಾಗಿ ಇಳಿಯಲಿಲ್ಲ. ಇಳುವರಿ ಇಳಿದುದನ್ನು ಸರಿದೂಗಿಸಲು ಇನ್ನಷ್ಟು ಕಾಡು ಕಡಿದು ಇನ್ನಷ್ಟು ಕಾಫಿ ನೆಟ್ಟರು. 1878ರ ಹೊತ್ತಿಗೆ ಕಾಫಿಯ ವಿಸ್ತೀರ್ಣ ಸುಮಾರು 2,75,000 ಎಕರೆಗೆ ಏರಿತ್ತು. ಶಿಲೀಂಧ್ರದ ದೃಷ್ಟಿಯಿಂದ ನೋಡಿದರೆ ಹಸಿದವನಿಗೆ ಮೇಲಿಂದ ಮೇಲೆ ಎಲೆ ಹಾಕಿ ಬಡಿಸಿದಂತಾಯಿತು. ಗಂಧಕ, ಸುಣ್ಣದ ಪುಡಿ ಎರಚುವ ಪ್ರಯೋಗಗಳೂ ನಡೆದವು, ಫಲ ಕಾಣಲಿಲ್ಲ.

1880ರಲ್ಲಿ ಸರ್ಕಾರ ಇಂಗ್ಲೆಂಡಿನಿಂದ ಒಬ್ಬ ತರುಣನನ್ನು ಕರೆಸಿತು. ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ಈ ಸಸ್ಯವಿಜ್ಞಾನಿಗೆ ಆಗ ಇಪ್ಪತ್ತಾರು ವರ್ಷ. ಎರಡು ವರ್ಷ ಆತ ಸಿಂಹಳದಲ್ಲಿದ್ದು ಮಾಡಿದ ಕೆಲಸ ಸಸ್ಯರೋಗ ವಿಜ್ಞಾನದ ಚರಿತ್ರೆಯಲ್ಲಿ ಒಂದು ಮಾದರಿ. ಬೀಜಾಣುವನ್ನು ಆರೋಗ್ಯದ ಎಲೆಯ ಮೇಲೆ ನೀರಿನ ಹನಿಯಲ್ಲಿಟ್ಟು, ಅದು ಮೊಳೆಯುವುದನ್ನೂ ರಂಧ್ರದೊಳಗೆ ಇಳಿಯುವುದನ್ನೂ ವಾರಗಳ ಮೇಲೆ ಅದೇ ಜಾಗದಲ್ಲಿ ಮಚ್ಚೆ ಏಳುವುದನ್ನೂ ಕಣ್ಣಾರೆ ಕಂಡು ಬರೆದಿಟ್ಟ. ಮಣ್ಣು, ಗೊಬ್ಬರ, ಹವೆಯ ವಾದಗಳಿಗೆ ಇದರಿಂದ ಉತ್ತರ ಸಿಕ್ಕಿತು: ಬೀಜಾಣು ಬೀಳದ ಎಲೆಗೆ ತುಕ್ಕು ಬರುವುದಿಲ್ಲ. ಗಾಜಿನ ಪಟ್ಟಿಗಳಿಗೆ ಗ್ಲಿಸರಿನ್ ಸವರಿ ತೋಟದಲ್ಲಿ ಇಟ್ಟು, ಅಂಟಿಕೊಂಡ ಬೀಜಾಣುಗಳನ್ನು ಎಣಿಸಿ, ಅವು ಗಾಳಿಯಲ್ಲಿ ತೇಲಿ ಬರುತ್ತವೆಂದು ತೋರಿಸಿದ. ಇಷ್ಟು ಸರಳವಾದ ಸಲಕರಣೆಯಿಂದ ಇಷ್ಟು ದೊಡ್ಡ ಮಾತನ್ನು ಸಿದ್ಧಪಡಿಸಿದ್ದು ಈಗಲೂ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ.

ವಾರ್ಡ್ ಇನ್ನೊಂದು ಮಾತನ್ನೂ ಹೇಳಿದ. ಕಾಡಿನಲ್ಲಿ ಒಂದು ಜಾತಿಯ ಗಿಡ ಇನ್ನೊಂದು ಅದೇ ಜಾತಿಯ ಗಿಡದಿಂದ ದೂರವಿರುತ್ತದೆ, ನಡುವೆ ಬೇರೆ ಮರಗಳಿರುತ್ತವೆ. ಗಾಳಿಯಲ್ಲಿ ಹೊರಟ ಬೀಜಾಣುಗಳಲ್ಲಿ ಬಹುಪಾಲು ತಮಗೆ ಬೇಡದ ಎಲೆಯ ಮೇಲೆ ಬಿದ್ದು ನಾಶವಾಗುತ್ತವೆ. ಸಿಂಹಳದಲ್ಲಿ ಮನುಷ್ಯ ನೂರಾರು ಚದರ ಮೈಲಿ ಒಂದೇ ಗಿಡವನ್ನು ಬೇಲಿಯಿಲ್ಲದಂತೆ ನೆಟ್ಟಿದ್ದ. ಎಲ್ಲಿ ಬಿದ್ದರೂ ಬೀಜಾಣುವಿಗೆ ಕಾಫಿ ಎಲೆಯೇ ಸಿಗುತ್ತಿತ್ತು. ತೋಟಗಳ ನಡುವೆ ಮರಗಳ ಸಾಲು ಬೇಕು, ರೋಗದ ಎಲೆಗಳನ್ನು ಆಯ್ದು ಸುಡಬೇಕು, ಬೀಜಾಣು ಒಳಹೊಕ್ಕ ಮೇಲೆ ಔಷಧಿ ಹಾಕಿ ಪ್ರಯೋಜನವಿಲ್ಲ, ಮೊಳೆಯುವ ಮೊದಲೇ ಎಲೆಗೆ ರಕ್ಷಣೆ ಕೊಡಬೇಕು ಎಂದು ಆತ ತಿಳಿಸಿದ. ತೋಟಗಾರರಿಗೆ ಬೇಕಾಗಿದ್ದುದು ಒಂದು ಔಷಧಿ. ಅದು ವಾರ್ಡ್ ಬಳಿ ಇರಲಿಲ್ಲ. 1882ರಲ್ಲಿ ಆತ ಊರಿಗೆ ಮರಳಿದ.

ಇತಿಹಾಸದ ವಿಚಿತ್ರ ನೋಡಿ. ಅದೇ 1882ರಲ್ಲಿ ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ಮಿಲಾರ್ಡೆ ಎಂಬ ಪ್ರಾಧ್ಯಾಪಕ ದ್ರಾಕ್ಷಿ ತೋಟದ ಪಕ್ಕದಲ್ಲಿ ನಡೆದುಹೋಗುತ್ತಿದ್ದಾಗ ರಸ್ತೆ ಬದಿಯ ಬಳ್ಳಿಗಳು ಮಾತ್ರ ಹಸಿರಾಗಿರುವುದನ್ನು ಕಂಡ. ಒಳಗಿನವು ಬೂಷ್ಟು ರೋಗದಿಂದ ಎಲೆ ಉದುರಿಸಿದ್ದವು. ವಿಚಾರಿಸಿದಾಗ, ದಾರಿಹೋಕರು ಹಣ್ಣು ಕದಿಯದಿರಲೆಂದು ಮೈಲುತುತ್ತ ಮತ್ತು ಸುಣ್ಣ ಕಲಸಿ ರಸ್ತೆ ಬದಿಯ ಬಳ್ಳಿಗಳಿಗೆ ಎರಚಿದ್ದರೆಂದು ತಿಳಿಯಿತು. 1885ರಲ್ಲಿ ಆತ ಪ್ರಕಟಿಸಿದ ಆ ಮಿಶ್ರಣವೇ ಇಂದಿಗೂ ನಮ್ಮ ಅಡಿಕೆ, ಕಾಫಿ, ಮೆಣಸಿನ ತೋಟಗಳಲ್ಲಿ ಸಿಂಪಡಿಸುವ ಬೋರ್ಡೋ ದ್ರಾವಣ. ವಾರ್ಡ್ ಕೇಳಿದ್ದ, ಮೊಳೆಯುವ ಮೊದಲೇ ತಡೆಯುವ ರಕ್ಷಣೆ ಇದೇ. ಸಿಂಹಳದ ಕಾಫಿಯ ಪಾಲಿಗೆ ಅದು ತಡವಾಗಿ ಬಂತು.

ಅಷ್ಟರಲ್ಲಿ ಬ್ರೆಜಿಲ್ ದೇಶದ ಕಾಫಿ ಪೇಟೆಯನ್ನು ತುಂಬಿ ಬೆಲೆ ಕುಸಿದಿತ್ತು. ರೋಗವನ್ನು ಮುಚ್ಚಿಟ್ಟಿದ್ದ ಪರದೆ ಸರಿಯಿತು. ಸಾಲ ಮಾಡಿದ ತೋಟಗಾರರು ದಿವಾಳಿಯಾದರು. 1884ರಲ್ಲಿ ಓರಿಯೆಂಟಲ್ ಬ್ಯಾಂಕ್ ಕಾರ್ಪೊರೇಷನ್ ಬಾಗಿಲು ಮುಚ್ಚಿತು. ಹತ್ತು ಕೋಟಿ ಪೌಂಡ್ ಇದ್ದ ರಫ್ತು 1889ರ ಹೊತ್ತಿಗೆ ಸುಮಾರು 50 ಲಕ್ಷ ಪೌಂಡಿಗೆ ಇಳಿಯಿತು. ಕೆಲವರು ಸಿಂಕೋನ ಮರದ ಕಡೆ ತಿರುಗಿದರು. ಎಲ್ಲರೂ ಅದನ್ನೇ ಬೆಳೆದು ಅದರ ಬೆಲೆಯೂ ಬಿತ್ತು. ಉಳಿಸಿದ್ದು ಚಹ. 1867ರಲ್ಲಿ ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು ಲೂಲ್‌ಕಂದುರ ತೋಟದ 19 ಎಕರೆಯಲ್ಲಿ ಚಹ ನೆಟ್ಟು ನೋಡಿದ್ದ. 1875ರಲ್ಲಿ ದ್ವೀಪದ ಚಹ ಸಾವಿರ ಎಕರೆಯಷ್ಟಿದ್ದರೆ ಇಪ್ಪತ್ತು ವರ್ಷದಲ್ಲಿ ಮೂರು ಲಕ್ಷ ಎಕರೆಯಾಯಿತು. ಸತ್ತ ಕಾಫಿ ಗಿಡಗಳ ಕಾಂಡವನ್ನು ಇಂಗ್ಲೆಂಡಿಗೆ ಕಳುಹಿಸಿ ಚಹದ ಮೇಜಿಗೆ ಕಾಲು ಮಾಡಿದರೆಂದೂ ಹೇಳುತ್ತಾರೆ.

ಈ ಬದಲಾವಣೆಯ ಭಾರ ಬಿದ್ದದ್ದು ಕೂಲಿಗಳ ಮೇಲೆ. ಕಾಫಿಗೆ ಕೊಯ್ಲಿನ ಕಾಲದಲ್ಲಿ ಮಾತ್ರ ಹೆಚ್ಚು ಜನ ಬೇಕು, ಚಹದ ಚಿಗುರನ್ನು ವರ್ಷವಿಡೀ ಕೀಳಬೇಕು. ಹೋಗಿ ಬಂದು ಮಾಡುತ್ತಿದ್ದ ತಮಿಳು ಸಂಸಾರಗಳು ತೋಟದ ಲೈನುಗಳಲ್ಲೇ ನೆಲೆಸಿದವು. 1948ರಲ್ಲಿ ಸ್ವಾತಂತ್ರ್ಯ ಬಂದಾಗ ಅವರಲ್ಲಿ ಬಹುಪಾಲು ಜನರಿಗೆ ಆ ದೇಶದ ಪೌರತ್ವ ದೊರೆಯದೆ ದಶಕಗಳ ಕಾಲ ಅತಂತ್ರರಾದದ್ದು ಬೇರೆಯೇ ಕಥೆ. ಅದರ ಒಂದು ಎಳೆ ಮಾತ್ರ ಈ ಕಿತ್ತಳೆ ಪುಡಿಗೆ ಬಂದು ಸೇರುತ್ತದೆ. ತುಕ್ಕು ರೋಗದಿಂದಾಗಿಯೇ ಇಂಗ್ಲಿಷರು ಕಾಫಿ ಬಿಟ್ಟು ಚಹ ಕುಡಿಯತೊಡಗಿದರು ಎಂಬ ಮಾತನ್ನು ಅನೇಕ ಪುಸ್ತಕಗಳು ಹೇಳುತ್ತವೆ. ಇದು ಸೊಗಸಾದ ಕಥೆ, ಆದರೆ ನಿಜವಲ್ಲ. ಇಂಗ್ಲೆಂಡ್ ಹದಿನೆಂಟನೆಯ ಶತಮಾನದಲ್ಲೇ ಚಹಕ್ಕೆ ಒಲಿದಿತ್ತು. ತುಕ್ಕು ಬದಲಿಸಿದ್ದು ಬೆಳೆಯುವವರ ಬದುಕನ್ನು, ಕುಡಿಯುವವರ ರುಚಿಯನ್ನಲ್ಲ.

ಈಗ ನಮ್ಮ ಬೆಟ್ಟಗಳಿಗೆ ಬರೋಣ. ಬಾಬಾ ಬುಡನ್ ಯೆಮನ್ ದೇಶದಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಆ ಹಳೆಯ ಕಾಫಿಗೆ ಚಿಕ್ಕಮಗಳೂರಿನ ಹೆಸರಿನಿಂದಲೇ ಚಿಕ್ಸ್ ಎಂದು ಕರೆಯುತ್ತಿದ್ದರು. ಯುರೋಪಿಯನ್ ತೋಟಗಾರರು ಮೈಸೂರು ಸೀಮೆಯಲ್ಲೂ, 1854ರಿಂದ ಕೊಡಗಿನಲ್ಲೂ ದೊಡ್ಡ ತೋಟಗಳನ್ನು ಎಬ್ಬಿಸಿದರು. ಇಲ್ಲಿಯೂ ಕೆಲವೆಡೆ ಕಾಡನ್ನು ಪೂರ್ತಿ ಕಡಿದು ಬಯಲಿನಲ್ಲೇ ಕಾಫಿ ಇಟ್ಟರು. 1860ರ ದಶಕದಲ್ಲಿ ಕಾಂಡಕೊರಕ ಹುಳು ಬಿದ್ದು ಆ ತೋಟಗಳು ಹಾಳಾದವು. ಬಿಸಿಲಿಗೆ ಒಡ್ಡಿದ ಗಿಡಕ್ಕೆ ಈ ಹುಳು ಹೆಚ್ಚಾಗಿ ಬೀಳುತ್ತದೆಂದು ಕಂಡುಕೊಂಡು ಬೆಳೆಗಾರರು ಮತ್ತೆ ನೆರಳು ಮರಗಳನ್ನು ಬೆಳೆಸಿದರು. ಹೀಗೆ 1870ರ ಸುಮಾರಿಗೆ ಸಿಂಹಳದ ತುಕ್ಕು ದಕ್ಷಿಣ ಭಾರತಕ್ಕೆ ಬಂದಾಗ, ನಮ್ಮ ತೋಟಗಳು ಬೇರೊಂದು ಕಾರಣಕ್ಕಾಗಿ ಮರಗಳ ಅಡಿಗೆ ಮರಳುತ್ತಿದ್ದವು. ಜೊತೆಗೆ, ಮಲೆನಾಡಿನಲ್ಲಿ ಡಿಸೆಂಬರಿನಿಂದ ಹೂಮಳೆ ಬೀಳುವವರೆಗೆ ಒಣಹವೆ. ಎಲೆಯ ಮೇಲೆ ನೀರಿಲ್ಲದೆ ಬೀಜಾಣು ಮೊಳೆಯಲಾರದು. ವರ್ಷಕ್ಕೊಮ್ಮೆ ರೋಗದ ಸರಪಳಿಗೆ ತಡೆ ಬೀಳುತ್ತದೆ. ಸಿಂಹಳದ ಬೆಟ್ಟಗಳಲ್ಲಿ ಮಳೆ ಎರಡು ಮಾನ್ಸೂನುಗಳಲ್ಲಿ ಹಂಚಿಹೋಗಿ ಇಂಥ ಬಿಡುವು ಕಡಿಮೆ. ಕರ್ನಾಟಕದ ಕಾಫಿ ಉಳಿದದ್ದರಲ್ಲಿ ಬೆಳೆಗಾರನ ಬುದ್ಧಿಯ ಪಾಲಿನಷ್ಟೇ ಬೇಸಗೆಯ ಪಾಲೂ ಇದೆ.

ಉಳಿಯಿತು ಎಂದರೆ ಸುಖವಾಗಿ ಉಳಿಯಿತು ಎಂದಲ್ಲ. ಚಿಕ್ಸ್ ತಳಿ ಕುಸಿಯಿತು. ಅದರ ಬದಲು ಕೊಡಗಿನಿಂದ ತಂದ, ಕೂರ್ಗ್ ಎಂದೇ ಹೆಸರಾದ ತಳಿಯನ್ನು ನೆಟ್ಟರು. ಕೆಲವು ವರ್ಷಗಳಲ್ಲಿ ಅದಕ್ಕೂ ತುಕ್ಕು ಬಿತ್ತು. 1911ರಲ್ಲಿ ಮೈಸೂರು ಸೀಮೆಯ ದೊಡ್ಡೇನಗುಡ್ಡ ತೋಟದ ಕೆಂಟ್ ಎಂಬ ಬೆಳೆಗಾರ ತನ್ನ ತೋಟದ ಗಿಡಗಳ ನಡುವೆ ಒಂದಕ್ಕೆ ಮಾತ್ರ ತುಕ್ಕು ಹತ್ತದಿರುವುದನ್ನು ಗುರುತಿಸಿ, ಅದರ ಬೀಜದಿಂದ ಸಸಿ ಎಬ್ಬಿಸಿದ. ಕೆಂಟ್ಸ್ ಎಂಬ ಈ ತಳಿ ಮೈಸೂರು, ಕೊಡಗುಗಳಲ್ಲಿ ಹಬ್ಬಿ, ಪೂರ್ವ ಆಫ್ರಿಕಕ್ಕೂ ಹೋಯಿತು. ಯಾವ ಪ್ರಯೋಗಾಲಯವೂ ಇಲ್ಲದೆ, ಗಿಡಗಳ ನಡುವೆ ದಿನವೂ ನಡೆದಾಡುವವನ ಕಣ್ಣು ಕಂಡ ತಳಿ ಅದು. ಇನ್ನು ಚಿಂತೆಯಿಲ್ಲ ಎಂದು ಬೆಳೆಗಾರರು ನೆಮ್ಮದಿಯಾಗಿದ್ದರು. ಒಂದು ದಶಕ ಕಳೆಯುವಷ್ಟರಲ್ಲಿ ಕೆಂಟ್ಸ್ ಗಿಡಗಳ ಎಲೆಯಡಿಯಲ್ಲೂ ಕಿತ್ತಳೆ ಪುಡಿ ಕಾಣಿಸಿಕೊಂಡಿತು.

ಇದೇಕೆ ಹೀಗೆ? ತಳಿ ಕೆಟ್ಟಿತೆ, ರೋಗ ಬದಲಾಯಿತೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ಬಾಳೆಹೊನ್ನೂರಿನಲ್ಲಿ. ಅಲ್ಲಿ ಸಂಶೋಧನಾ ಕೇಂದ್ರ ಏಳುವುದಕ್ಕೆ ಕಾರಣನಾದ ಲೆಸ್ಲಿ ಕೋಲ್ಮನ್ ಬಗ್ಗೆ ಎರಡು ಮಾತು ಹೇಳಬೇಕು. ಕೆನಡಾ ದೇಶದ ಈತ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಹಾಗೂ ಕೀಟಗಳ ತಜ್ಞನಾಗಿ ಬಂದು, ಮುಂದೆ ಕೃಷಿ ಇಲಾಖೆಯ ನಿರ್ದೇಶಕನಾದವನು. ಬಂದ ಹೊಸದರಲ್ಲಿ ಹಿಡಿದ ಕೆಲಸ ಮಲೆನಾಡಿನ ಅಡಿಕೆಯ ಕೊಳೆರೋಗ. ರೈತರು ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಅದು ಎಷ್ಟು ಸರಿಯಾದ ಉಪಾಯವೋ ಅಷ್ಟೇ ಕಷ್ಟದ ಉಪಾಯ. ಕೋಲ್ಮನ್ ರೋಗದ ಜೀವಿಯನ್ನು ಗುರುತಿಸಿ, ಬೋರ್ಡೋ ದ್ರಾವಣಕ್ಕೆ ಅಂಟು ಬೆರೆಸಿ ಮಳೆಗೆ ತೊಳೆದುಹೋಗದಂತೆ ಮಾಡಿ ಗೊನೆಗಳಿಗೆ ಸಿಂಪಡಿಸುವುದನ್ನು ಬಳಕೆಗೆ ತಂದ. ಕೊಳೆರೋಗ ಎಂಬ ಕನ್ನಡ ಪದ ಜಗತ್ತಿನ ಸಸ್ಯರೋಗ ಗ್ರಂಥಗಳಲ್ಲಿ ಹಾಗೆಯೇ ನಿಂತಿದೆ. 1925ರಲ್ಲಿ ಕೋಲ್ಮನ್ ನಿರ್ದೇಶಕನಾಗಿದ್ದಾಗ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು.

ಅಲ್ಲಿಗೆ ಬಂದ ವಿಲ್ಸನ್ ಮೇನ್ ಎಂಬ ವಿಜ್ಞಾನಿ ಬೇರೆ ಬೇರೆ ತೋಟಗಳ ತುಕ್ಕಿನ ಪುಡಿಯನ್ನು ತಂದು, ಬೇರೆ ಬೇರೆ ತಳಿಯ ಸಸಿಗಳ ಮೇಲೆ ಪ್ರತ್ಯೇಕವಾಗಿ ಹಾಕಿ ನೋಡಿದ. ಒಂದು ಕಡೆಯ ಪುಡಿ ಕೂರ್ಗ್ ತಳಿಗೆ ಹತ್ತಿತು, ಕೆಂಟ್ಸ್ ತಳಿಗೆ ಹತ್ತಲಿಲ್ಲ. ಇನ್ನೊಂದು ಕಡೆಯ ಪುಡಿ ಎರಡಕ್ಕೂ ಹತ್ತಿತು. ಸೂಕ್ಷ್ಮದರ್ಶಕದಲ್ಲಿ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ, ಎರಡೂ ಅರ್ಧ ನುಣುಪು, ಅರ್ಧ ಮುಳ್ಳು. ಆದರೆ ಸಸಿಗೆ ವ್ಯತ್ಯಾಸ ಗೊತ್ತು. ಗೋಧಿಯ ತುಕ್ಕಿನಲ್ಲಿ ಇಂಥ ಒಳಪಂಗಡಗಳಿರುವುದನ್ನು ಸ್ವೀಡನ್ನಿನ ಎರಿಕ್ಸನ್, ಅಮೆರಿಕದ ಸ್ಟಾಕ್‌ಮನ್ ಮೊದಲಾದವರು ಆಗಲೇ ತೋರಿಸಿದ್ದರು. ಕಾಫಿಯಲ್ಲಿ ಅದನ್ನು ಮೊದಲು ಸಿದ್ಧಪಡಿಸಿದವನು ಮೇನ್. 1932ರಲ್ಲಿ ಆತನ ವರದಿ ಪ್ರಕಟವಾಯಿತು. ಮುಂದೆ ಆತ ನಾಲ್ಕು ಪಂಗಡಗಳನ್ನು ಗುರುತಿಸಿದ. ತಳಿ ಕೆಟ್ಟಿರಲಿಲ್ಲ. ಆ ತಳಿಯ ಬೀಗವನ್ನು ತೆರೆಯಬಲ್ಲ ಕೀಲಿಕೈ ಇದ್ದ ಶಿಲೀಂಧ್ರ ಎಲ್ಲೋ ಒಂದೆರಡು ಇದ್ದುದಕ್ಕೆ, ನಾವು ಬೆಟ್ಟದ ತುಂಬ ಅದೇ ಬೀಗ ಹಾಕಿ ಅವಕಾಶ ಮಾಡಿಕೊಟ್ಟಿದ್ದೆವು.

ಈ ತಿಳಿವಳಿಕೆ ಬಂದ ಮೇಲೆ ತಳಿ ಅಭಿವೃದ್ಧಿಯ ರೀತಿಯೇ ಬದಲಾಯಿತು. ಅರೇಬಿಕಾ ಮತ್ತು ಲೈಬೀರಿಕಾ ಎಂಬ ಇನ್ನೊಂದು ಜಾತಿಯ ಕಾಫಿ ತಾವಾಗಿ ಸಂಕರಗೊಂಡು ಹುಟ್ಟಿದ ಗಿಡದ ವಂಶದಿಂದ ಎಸ್. 288 ಎಂಬ ತಳಿಯನ್ನು ಆರಿಸಿ, ಅದನ್ನು ಕೆಂಟ್ಸ್ ಜೊತೆಗೆ ಕೂಡಿಸಿ, 1940ರ ದಶಕದ ಮಧ್ಯದಲ್ಲಿ ಎಸ್. 795 ತಳಿಯನ್ನು ಬೆಳೆಗಾರರಿಗೆ ಕೊಟ್ಟರು. ಒಳ್ಳೆಯ ಇಳುವರಿ, ಒಳ್ಳೆಯ ರುಚಿ, ತುಕ್ಕಿಗೆ ತಡೆ. ಅರೇಬಿಕಾ ಬೆಳೆಯುವ ನಮ್ಮ ತೋಟಗಳಲ್ಲಿ ಇಂದಿಗೂ ಈ ಗಿಡಗಳು ಹೇರಳವಾಗಿವೆ. ಇಂಡೊನೇಷ್ಯದಲ್ಲಿ ಜೆಂಬರ್ ಎಂಬ ಹೆಸರಿನಲ್ಲಿ ಬೆಳೆಯುತ್ತಾರೆ. ಬಾಳೆಹೊನ್ನೂರಿನ ತಳಿಗಳು ಬ್ರೆಜಿಲ್‌ಗೂ ಹೋಗಿ ಅಲ್ಲಿನ ತಳಿ ಸಂಕರಣದಲ್ಲಿ ಬಳಕೆಯಾದವು. ಆದರೆ ಎಸ್. 795ರ ಬೀಗಕ್ಕೂ ಕಾಲಕ್ರಮದಲ್ಲಿ ಕೀಲಿಕೈ ಹುಟ್ಟಿತು. ಈಗ ಅದಕ್ಕೂ ಮಳೆಗಾಲದ ಮುಂಚೆ, ಮಳೆಗಾಲದ ನಂತರ ಔಷಧಿ ಸಿಂಪಡಿಸಬೇಕು. ನಿರೋಧಕ ತಳಿ ತೋಟಕ್ಕೆ ಕೊಡುವುದು ಗುತ್ತಿಗೆ ಜಮೀನಿನಂತೆ ವಾಯಿದೆಯ ರಕ್ಷಣೆ. ವಾಯಿದೆ ಎಷ್ಟು ವರ್ಷವೆಂದು ಮಾತ್ರ ಯಾವ ಪತ್ರದಲ್ಲೂ ಬರೆದಿರುವುದಿಲ್ಲ. ಈ ತಾಪತ್ರಯ ಬೇಡವೆಂದು ರೋಬಸ್ಟಾ ಜಾತಿಗೆ ತಿರುಗಿದವರೂ ಬಹಳ. ತುಕ್ಕನ್ನು ಬಹುಮಟ್ಟಿಗೆ ತಡೆದುಕೊಳ್ಳುವ ಈ ಜಾತಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಾವಾದಲ್ಲಿ ನೆಲೆಯೂರಿ ಇತರೆಡೆಗೆ ಹರಡಿತು. ಇಂದು ಭಾರತದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ರೋಬಸ್ಟಾ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕ ಖಂಡದ ದೇಶಗಳಿಗೆ ಭಯ ಹುಟ್ಟಿತು. ಅಲ್ಲಿಗೆ ಇನ್ನೂ ತುಕ್ಕು ಬಂದಿರಲಿಲ್ಲ. ಅಲ್ಲಿನ ಕೋಟ್ಯಂತರ ಕಾಫಿ ಗಿಡಗಳಲ್ಲಿ ಒಂದಕ್ಕೂ ನಿರೋಧಕ ಶಕ್ತಿ ಇಲ್ಲವೆನ್ನುವಂತಿತ್ತು. 1955ರಲ್ಲಿ ಪೋರ್ಚುಗಲ್ ದೇಶದ ಒಯೆರಾಸ್ ಎಂಬಲ್ಲಿ ತುಕ್ಕು ಸಂಶೋಧನೆಗಾಗಿಯೇ ಒಂದು ಕೇಂದ್ರ ಸ್ಥಾಪನೆಯಾಯಿತು. ಕಾಫಿ ಬೆಳೆಯದ ದೇಶದಲ್ಲೇಕೆ ಎಂದು ಕೇಳಬಹುದು. ಬೆಳೆಯದಿರುವುದೇ ಅನುಕೂಲ: ಜಗತ್ತಿನ ಎಲ್ಲ ಕಡೆಯ ತುಕ್ಕನ್ನು ಒಂದೆಡೆ ತಂದಿಟ್ಟರೂ ಹೊರಗೆ ಹಾರಿ ಹತ್ತಿಕೊಳ್ಳಲು ತೋಟಗಳಿಲ್ಲ. ಮೇನ್ ತೋರಿಸಿದ ದಾರಿಯಲ್ಲೇ ನಡೆದು ಅವರು ಪಂಗಡಗಳನ್ನು ಗುರುತಿಸುತ್ತ ಹೋದರು. ಈ ಸಂಖ್ಯೆ ಈಗ ಐವತ್ತನ್ನು ದಾಟಿದೆ. ಅಲ್ಲಿಗೆ ಬಂದ ಗಿಡಗಳಲ್ಲಿ ಒಂದು ಅಮೂಲ್ಯವಾದುದು. ತಿಮೋರ್ ದ್ವೀಪದ ಹಳೆಯ ತೋಟವೊಂದರಲ್ಲಿ 1927ರಲ್ಲಿ ಸಿಕ್ಕಿದ, ಅರೇಬಿಕಾ ಮತ್ತು ರೋಬಸ್ಟಾ ತಾವಾಗಿ ಕೂಡಿ ಹುಟ್ಟಿದ ಒಂದು ಗಿಡದ ಸಂತತಿ ಅದು. ಆಗ ಗೊತ್ತಿದ್ದ ಎಲ್ಲ ಪಂಗಡಗಳನ್ನೂ ಅದರ ಕೆಲವು ಗಿಡಗಳು ತಡೆದವು. ಕಟಿಮೋರ್, ಸಾರ್ಚಿಮೋರ್ ಮೊದಲಾದ ತಳಿಗಳ ಹೆಸರಿನ ಬಾಲದಲ್ಲಿ ಇರುವುದು ಈ ತಿಮೋರ್. ನಮ್ಮಲ್ಲಿ 1980ರ ದಶಕದಲ್ಲಿ ಬಂದ ಕಾವೇರಿ, 2007ರಲ್ಲಿ ಬಂದ ಚಂದ್ರಗಿರಿ ತಳಿಗಳೂ ಇದೇ ವಂಶದವು. ಕಾವೇರಿಯನ್ನು ಬೆಳೆಗಾರರು ಉತ್ಸಾಹದಿಂದ ನೆಟ್ಟರು, ಮೊದಲ ಫಸಲುಗಳು ಕಣ್ಣು ತುಂಬುವಂತಿದ್ದವು. ತುಕ್ಕು ಅದನ್ನು ಗೆಲ್ಲಲು ಹೆಚ್ಚು ವರ್ಷ ತೆಗೆದುಕೊಳ್ಳಲಿಲ್ಲ.

ಅಮೆರಿಕ ಖಂಡ ಹೆದರಿದ್ದು 1970ರ ಜನವರಿಯಲ್ಲಿ ನಡೆಯಿತು. ಬ್ರೆಜಿಲ್ ದೇಶದ ಬಹಿಯಾ ಪ್ರಾಂತದಲ್ಲಿ ತುಕ್ಕು ಕಾಣಿಸಿತು. ಬೀಜಾಣುಗಳು ಆಫ್ರಿಕದಿಂದ ಗಾಳಿಯಲ್ಲಿ ಸಾಗರ ದಾಟಿದವೋ, ಮನುಷ್ಯರ ಸಾಮಾನು ಸರಂಜಾಮಿನ ಜೊತೆ ಬಂದವೋ ಎಂಬ ಚರ್ಚೆ ಮುಗಿದಿಲ್ಲ. ಕೊಲಂಬಿಯ ದೇಶದವರು ಆ ಸುದ್ದಿ ಕೇಳಿ ಸುಮ್ಮನೆ ಕೂರಲಿಲ್ಲ. ತಿಮೋರ್ ವಂಶದ ಒಂದೇ ಗಿಡವನ್ನು ಆರಿಸುವ ಬದಲು, ನೋಡಲು ಒಂದೇ ರೀತಿ ಇದ್ದು ನಿರೋಧಕ ಗುಣದಲ್ಲಿ ಬೇರೆ ಬೇರೆಯಾದ ಹಲವು ವಂಶಗಳ ಬೀಜವನ್ನು ಬೆರೆಸಿ, 1982ರಲ್ಲಿ ಕೊಲಂಬಿಯ ಎಂಬ ತಳಿಯಾಗಿ ಹಂಚಿದರು. ಮರುವರ್ಷವೇ ಅಲ್ಲಿಗೆ ತುಕ್ಕು ಬಂತು. ಬೀಗಗಳು ಒಂದೇ ಬಗೆಯವಲ್ಲವಾದ್ದರಿಂದ ಒಂದು ಕೀಲಿಕೈಯಿಂದ ಇಡೀ ತೋಟ ತೆರೆಯಲಿಲ್ಲ. ವಾರ್ಡ್ ಕಾಡಿನ ಬಗ್ಗೆ ಹೇಳಿದ್ದನ್ನು ಒಂದೇ ತೋಟದೊಳಗೆ ತಂದ ಉಪಾಯ ಇದು. ಈ ಚರಿತ್ರೆಯಲ್ಲಿ ಬರುವ ಕೆಲಸಗಳಲ್ಲೆಲ್ಲ ನನಗೆ ಅತ್ಯಂತ ವಿವೇಕದ್ದೆನಿಸುವುದು ಇದೇ.

ಮಧ್ಯ ಅಮೆರಿಕದ ಸಣ್ಣ ರೈತರಿಗೆ ಅಂಥ ಸಿದ್ಧತೆ ಇರಲಿಲ್ಲ. ಹಳೆಯ ಗಿಡಗಳು, ಹಿಂದಿನ ವರ್ಷಗಳ ಕಡಿಮೆ ಬೆಲೆಯಿಂದಾಗಿ ಗೊಬ್ಬರ, ಔಷಧಿ ಕಾಣದ ತೋಟಗಳು, ಬದಲಾದ ಮಳೆಯ ರೀತಿ ಎಲ್ಲ ಸೇರಿ 2012ರಲ್ಲಿ ತುಕ್ಕು ಹಿಂದೆಂದೂ ಇಲ್ಲದಂತೆ ಎದ್ದಿತು. 2013ರ ಫೆಬ್ರವರಿಯಲ್ಲಿ ಗ್ವಾಟೆಮಾಲ ತುರ್ತು ಪರಿಸ್ಥಿತಿ ಘೋಷಿಸಿತು. ಲಕ್ಷಾಂತರ ಕೂಲಿಗಳು ಕೆಲಸ ಕಳೆದುಕೊಂಡರು. ಸಿಂಹಳದಲ್ಲಿ ಏರಿದ ಬೆಲೆ ರೋಗವನ್ನು ಮರೆಮಾಡಿತ್ತು, ಇಲ್ಲಿ ಇಳಿದ ಬೆಲೆ ರೋಗಕ್ಕೆ ದಾರಿ ಮಾಡಿತು. ಎರಡರಲ್ಲೂ ಶಿಲೀಂಧ್ರದ ಭಾಗ್ಯ ಪೇಟೆಯೊಂದಿಗೆ ಹೆಣೆದುಕೊಂಡಿದೆ. ಹೊಂಡುರಾಸ್ ದೇಶದಲ್ಲಿ ಲೆಂಪಿರಾ ಎಂಬ ಕಟಿಮೋರ್ ತಳಿಯನ್ನು ನಂಬಿ ವ್ಯಾಪಕವಾಗಿ ನೆಟ್ಟಿದ್ದರು. 2017ರಲ್ಲಿ ಅದೂ ತುಕ್ಕಿಗೆ ತುತ್ತಾಗುತ್ತಿದೆಯೆಂದು ಅಲ್ಲಿನ ಕಾಫಿ ಸಂಸ್ಥೆಯೇ ತಿಳಿಸಿತು. 2020ರ ಅಕ್ಟೋಬರಿನಲ್ಲಿ ತುಕ್ಕು ಹವಾಯಿ ದ್ವೀಪಗಳನ್ನೂ ತಲುಪಿತು. ಕಾಫಿ ಬೆಳೆಯುವ ಮುಖ್ಯ ಪ್ರದೇಶಗಳಲ್ಲಿ ಅದು ತಲುಪದೆ ಉಳಿದಿದ್ದ ಕೊನೆಯ ಜಾಗಗಳಲ್ಲಿ ಹವಾಯಿಯೂ ಒಂದು.

ಇಷ್ಟೆಲ್ಲ ಆದರೂ ಈ ಶಿಲೀಂಧ್ರದ ಜೀವನಚಕ್ರದ ಅರ್ಧ ನಮಗೆ ಗೊತ್ತಿಲ್ಲ. ಗೋಧಿಯ ಕಾಂಡದ ತುಕ್ಕು ತನ್ನ ಬದುಕಿನ ಒಂದು ಭಾಗವನ್ನು ಬಾರ್ಬೆರಿ ಎಂಬ ಪೊದೆಯ ಮೇಲೆ ಕಳೆಯುತ್ತದೆಂದು ಜರ್ಮನಿಯ ಡಿ ಬ್ಯಾರಿ 1865ರಲ್ಲೇ ತೋರಿಸಿದ್ದ. ಕಾಫಿಯ ತುಕ್ಕೂ ಇನ್ನೊಂದು ಬಗೆಯ ಬೀಜಾಣುಗಳನ್ನು ಬಿಡುತ್ತದೆ. ವಾರ್ಡ್ ಅವುಗಳನ್ನೂ ಕಂಡಿದ್ದ. ಕಾಫಿ ಎಲೆಗೆ ಅವು ಹತ್ತುವುದಿಲ್ಲ. ಬೇರೆ ಯಾವ ಗಿಡಕ್ಕೆ ಹತ್ತುತ್ತವೆ ಎಂಬುದನ್ನು ಈವರೆಗೆ ಯಾರೂ ಕಂಡುಹಿಡಿದಿಲ್ಲ. ಆ ಗಿಡ ಇರುವುದೇ ಆದರೆ ಅದನ್ನು ಹುಡುಕಬೇಕಾದ ಜಾಗ ಅರೇಬಿಕಾ ಕಾಫಿಯ ತವರಾದ ಇಥಿಯೋಪಿಯ ಮತ್ತು ಅದರ ಸುತ್ತಲಿನ ಆಫ್ರಿಕದ ಕಾಡುಗಳು. ಇಥಿಯೋಪಿಯದ ಕಾಡಿನಲ್ಲಿ ಕಾಫಿಯೂ ತುಕ್ಕೂ ಒಟ್ಟಿಗೇ ಬದುಕಿವೆ. ಒಂದೊಂದು ಗಿಡದ ಗುಣ ಒಂದೊಂದು ಬಗೆ, ಅಲ್ಲಿ ಸಿಂಹಳದಂಥ ಅನಾಹುತ ನಡೆದಿಲ್ಲ. ಮುಂದಿನ ತಳಿಗಳಿಗೆ ಬೇಕಾದ ನಿರೋಧಕ ಗುಣಗಳನ್ನು ಹುಡುಕಬೇಕಾದದ್ದೂ ಇಂಥ ಕಾಡಿನಲ್ಲೇ. 2019ರಲ್ಲಿ ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳು ಜಗತ್ತಿನ 124 ಕಾಡು ಕಾಫಿ ಜಾತಿಗಳನ್ನು ಪರಿಶೀಲಿಸಿ ಲೆಕ್ಕ ಕೊಟ್ಟರು. ಅವುಗಳಲ್ಲಿ ನೂರಕ್ಕೆ 60 ಅಳಿವಿನ ಅಂಚಿನಲ್ಲಿವೆ. ಕಾಡಿನಲ್ಲಿ ಬೆಳೆಯುವ ಅರೇಬಿಕಾವೂ ಆ ಪಟ್ಟಿಯಲ್ಲಿದೆ.